ಬೌದ್ಧಿಕ ವಿಕಲಚೇತನರ ಸಣ್ಣ ವಸತಿ ಮನೆಗಳು: ನೋಂದಣಿ, ತಪಾಸಣೆ, ನಿಗಾ — ತುಮಕೂರು ಜಿಲ್ಲೆಯವರಿಗೊಂದು ಸಮಗ್ರ ಮಾರ್ಗದರ್ಶಿ

ಒಂದು ಬಾಡಿಗೆ ಮನೆ. ಎಂಟು-ಹತ್ತು ಜನ ನಿವಾಸಿಗಳು, ಇಬ್ಬರು ಆಯಾಗಳು, ಒಬ್ಬರು ಅಡುಗೆಯವರು. ನಡೆಸುವುದು ಒಂದು ಕುಟುಂಬ ಅಥವಾ ಸಣ್ಣ ಟ್ರಸ್ಟ್. ಬೌದ್ಧಿಕ ವಿಕಲಚೇತನರ ಸಣ್ಣ ವಸತಿ ಮನೆ ಅಂದರೆ ಸಾಮಾನ್ಯವಾಗಿ ಇಷ್ಟೇ. ತುಮಕೂರು ಜಿಲ್ಲೆಯಲ್ಲಿ ಪೋಷಕರ ಜೊತೆ ಕೆಲಸ ಮಾಡುವ ನನ್ನ ಕಿವಿಗೆ ಜಾಸ್ತಿ ಬೀಳುವ ಮಾತು ಒಂದೇ: "ನಾವು ಹೋದ ಮೇಲೆ ಇವನ ಗತಿ ಏನು?" ಅದಕ್ಕೆ ಇಂಥ ಮನೆಗಳು ಬೇಕು. ನೂರಾರು ಜನರ ಆಶ್ರಮಕ್ಕಿಂತ ಹತ್ತು ಜನರ ಮನೆ ಎಷ್ಟೋ ಮೇಲು ಅಂತಲೇ ನನ್ನ ನಂಬಿಕೆ. ಅಲ್ಲಿ ಹೆಸರು ಹಿಡಿದು ಕರೆಯುವವರಿರುತ್ತಾರೆ. ಯಾರಿಗೆ ಯಾವ ಸಾರು ಇಷ್ಟ ಅಂತ ಗೊತ್ತಿರುತ್ತದೆ.

ಆದರೆ ಸಣ್ಣ ಮನೆಗೆ ಅದರದ್ದೇ ಅಪಾಯ ಇದೆ. ಅಲ್ಲಿಗೆ ಹೊರಗಿನವರು ಬರುವುದು ಕಡಿಮೆ. ಗೇಟು ಹಾಕಿದರೆ ಒಳಗೆ ಏನು ನಡೆಯುತ್ತದೆ ಅಂತ ಪಕ್ಕದ ಮನೆಯವರಿಗೂ ತಿಳಿಯುವುದಿಲ್ಲ. ಒಳಗಿರುವವರಲ್ಲಿ ಎಷ್ಟೋ ಜನರಿಗೆ ಆದದ್ದನ್ನು ಬಾಯಿಬಿಟ್ಟು ಹೇಳಲು ಬರುವುದಿಲ್ಲ. ಹಾಗಾಗಿ ಗೋಡೆಗೆ ಪ್ರಮಾಣಪತ್ರ ಬಂದ ಮೇಲೂ ಕೆಲಸ ಮುಗಿಯುವುದಿಲ್ಲ. ಆ ಮನೆಯ ಮಾಮೂಲಿ ಹಗಲು, ಮಾಮೂಲಿ ರಾತ್ರಿ ಹೇಗಿರುತ್ತದೆ ಅಂತ ಹೊರಗಿನವರೊಬ್ಬರು ಮತ್ತೆ ಮತ್ತೆ ಹೋಗಿ ನೋಡುತ್ತಿರಬೇಕು. ಈ ಬರಹದ ಜಾಸ್ತಿ ಭಾಗ ಹಾಗೆ ನೋಡುವುದು ಹೇಗೆ ಅನ್ನುವುದರ ಬಗ್ಗೆಯೇ ಇದೆ.

ತಪಾಸಣಾ ತಂಡದಲ್ಲಿ ಕೂರುವವರಿಗೆ, ಮನೆ ನಡೆಸುವವರಿಗೆ, ಮಗನನ್ನೋ ತಂಗಿಯನ್ನೋ ಅಲ್ಲಿ ಬಿಡಲು ಯೋಚಿಸುತ್ತಿರುವವರಿಗೆ, ಮೂವರಿಗೂ ಇದು ಅನ್ವಯಿಸುತ್ತದೆ.

ಹಂತ 1: ಆ ಮನೆ ಯಾವ ಕಾಯ್ದೆಯಡಿ ಬರುತ್ತದೆ ಅಂತ ತಿಳಿಯಿರಿ

ಮೊದಲು ಕೇಳಬೇಕಾದ್ದು: ಒಳಗೆ ಯಾರಿದ್ದಾರೆ? ವಯಸ್ಸೆಷ್ಟು? ಸ್ಥಿತಿ ಏನು? ಇದರ ಮೇಲೆ ಕಾಯ್ದೆ ಬದಲಾಗುತ್ತದೆ.

18 ದಾಟಿದ ಬೌದ್ಧಿಕ ವಿಕಲಚೇತನರು ಮಾತ್ರ ಇದ್ದರೆ ಮುಖ್ಯವಾಗಿ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ, 2016. ಇದು 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಇದರ 50ನೇ ಕಲಂ ಪ್ರಕಾರ ನೋಂದಣಿ ಪ್ರಮಾಣಪತ್ರ ಇಲ್ಲದೆ ಯಾರೂ ವಿಕಲಚೇತನರ ಸಂಸ್ಥೆ ಶುರುಮಾಡುವಂತಿಲ್ಲ, ನಡೆಸುವಂತಿಲ್ಲ. "ನಮ್ಮಲ್ಲಿರೋದು ಬರೀ ಆರು ಜನ ಸಾರ್, ನಮಗ್ಯಾಕೆ ನೋಂದಣಿ" ಅನ್ನುವವರಿದ್ದಾರೆ. ಕಾಯ್ದೆಯಲ್ಲಿ ತಲೆ ಎಣಿಸಿ ಕೊಡುವ ವಿನಾಯಿತಿ ಇಲ್ಲ. ಸರ್ಕಾರವೇ ನಡೆಸುವ ಸಂಸ್ಥೆಗಳಿಗೆ ಈ ಅಧ್ಯಾಯ ಅನ್ವಯಿಸುವುದಿಲ್ಲ.

18ರ ಒಳಗಿನ ಒಂದು ಮಗು ಇದ್ದರೂ ಬಾಲನ್ಯಾಯ ಕಾಯ್ದೆ, 2015 ಬರುತ್ತದೆ. ಅದರ 41ನೇ ಕಲಂ ಅಡಿ ಮಕ್ಕಳ ಪಾಲನಾ ಸಂಸ್ಥೆಯಾಗಿ ನೋಂದಣಿ ಬೇಕು. ನೋಂದಣಿ ಇಲ್ಲದೆ ನಡೆಸಿದರೆ ಒಂದು ವರ್ಷದವರೆಗೆ ಜೈಲು, ಅಥವಾ ಒಂದು ಲಕ್ಷಕ್ಕೆ ಕಡಿಮೆ ಇಲ್ಲದ ದಂಡ, ಅಥವಾ ಎರಡೂ ಆಗಬಹುದು. ಇಲ್ಲಿ ಮಕ್ಕಳ ಕಲ್ಯಾಣ ಸಮಿತಿಯ ಪಾತ್ರ ದೊಡ್ಡದು. ಇನ್ನೊಂದು ವಿಷಯ ಮನೆ ನಡೆಸುವವರು ತಿಳಿದಿರಬೇಕು. ವಿಕಲತೆ ಇದೆ ಅನ್ನುವ ಒಂದೇ ಕಾರಣಕ್ಕೆ ಮಗುವನ್ನು ತಂದೆ-ತಾಯಿಯಿಂದ ಬೇರೆ ಮಾಡುವಂತಿಲ್ಲ. ಹಾಗೆ ಮಾಡಬೇಕಾದರೆ ಮಗುವಿನ ಹಿತಕ್ಕಾಗಿ ನ್ಯಾಯಾಲಯದ ಆದೇಶ ಬೇಕು ಅಂತ 2016ರ ಕಾಯ್ದೆಯ 9ನೇ ಕಲಂ ಹೇಳುತ್ತದೆ.

ಮಾನಸಿಕ ಕಾಯಿಲೆ ಇರುವವರನ್ನೂ ಜೊತೆಗೆ ಇಟ್ಟುಕೊಂಡಿದ್ದರೆ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ, 2017 ಬರುತ್ತದೆ, ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಬೇಕಾಗುತ್ತದೆ. ಬೌದ್ಧಿಕ ವಿಕಲತೆಯನ್ನು ಆ ಕಾಯ್ದೆ ಮಾನಸಿಕ ಕಾಯಿಲೆ ಅಂತ ಪರಿಗಣಿಸುವುದಿಲ್ಲ. ಎರಡೂ ಒಟ್ಟಿಗೆ ಇರುವವರೂ ಇದ್ದಾರೆ, ಅಂಥವರಿಗೆ ಎರಡೂ ಕಡೆಯ ರಕ್ಷಣೆ ಸಿಗಬೇಕು. ಒಂದೇ ಹಾಲ್‌ನಲ್ಲಿ ಮಕ್ಕಳು, ದೊಡ್ಡವರು, ಮಾನಸಿಕ ಕಾಯಿಲೆಯವರು, ರಸ್ತೆಯಲ್ಲಿ ಸಿಕ್ಕ ವೃದ್ಧರು ಎಲ್ಲರೂ ಇದ್ದರೆ ಅದು ಕಾಗದದ ಸಮಸ್ಯೆ ಮಾತ್ರ ಅಂದುಕೊಳ್ಳಬೇಡಿ. ಯಾರಿಗೂ ಬೇಕಾದ ಆರೈಕೆ ಸಿಗುತ್ತಿಲ್ಲ ಅನ್ನುವುದಕ್ಕೆ ಅದು ಮೊದಲ ಸುಳಿವು.

ಇದರ ಜೊತೆಗೆ ರಾಷ್ಟ್ರೀಯ ನ್ಯಾಸ (ನ್ಯಾಷನಲ್ ಟ್ರಸ್ಟ್) ಕಾಯ್ದೆ, 1999 ಇದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಮೈಯ ಸ್ನಾಯುಗಳು ಹತೋಟಿಗೆ ಬಾರದ ಸ್ಥಿತಿ), ಬೌದ್ಧಿಕ ವಿಕಲತೆ, ಬಹುವಿಧ ವಿಕಲತೆ ಇರುವವರಿಗಾಗಿ ಮಾಡಿದ ಕಾಯ್ದೆ ಇದು. ಇದರಡಿ ಸಂಸ್ಥೆ ನೋಂದಾಯಿಸಿಕೊಂಡರೆ ನ್ಯಾಸದ ಯೋಜನೆಗಳಿಗೆ ಅರ್ಜಿ ಹಾಕಬಹುದು. ಹಾಗಂತ 2016ರ ಕಾಯ್ದೆಯ ನೋಂದಣಿಯನ್ನು ಬಿಡಬೇಡಿ.

ಹಂತ 2: ಅರ್ಜಿ

ಮೊದಲು ತಟ್ಟಬೇಕಾದ ಬಾಗಿಲು ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿಗಳ ಕಚೇರಿ. ಟ್ರಸ್ಟ್ ಡೀಡ್ ಅಥವಾ ಸಂಘದ ನೋಂದಣಿ ಪತ್ರ, ಬಾಡಿಗೆ ಕರಾರು, ಕಟ್ಟಡದ ನಕ್ಷೆ, ಸಿಬ್ಬಂದಿ ಪಟ್ಟಿ, ನಿವಾಸಿಗಳ ಪಟ್ಟಿ, ಲೆಕ್ಕಪತ್ರ ಜೋಡಿಸಿಟ್ಟುಕೊಳ್ಳಿ. ವಿಶೇಷ ಶಿಕ್ಷಕರು ಇದ್ದರೆ ಅವರಿಗೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಂಖ್ಯೆ ಇರಬೇಕು. ಎಲ್ಲ ಸಿಬ್ಬಂದಿಗೂ ಪೊಲೀಸ್ ಪರಿಶೀಲನೆ ಮಾಡಿಸಿ. ಡ್ರೈವರ್, ವಾಚ್‌ಮನ್, ವಾರಕ್ಕೊಮ್ಮೆ ಬರುವ ಪ್ಲಂಬರ್‌ವರೆಗೆ ಒಳಗೆ ಓಡಾಡುವವರು ಯಾರ್ಯಾರು ಅಂತ ಬರೆದಿಡಿ.

ಅರ್ಜಿ ಕೊಟ್ಟ ದಿನ ಸ್ವೀಕೃತಿ ತಗೊಳ್ಳಿ, ಮರೆಯಬೇಡಿ. 2016ರ ಕಾಯ್ದೆಯಡಿ ನೋಂದಣಿ ಮಾಡುವ ಪ್ರಾಧಿಕಾರಕ್ಕೆ ತೃಪ್ತಿಯಾದರೆ 90 ದಿನದೊಳಗೆ ಪ್ರಮಾಣಪತ್ರ ಕೊಡಬೇಕು. ನಿರಾಕರಿಸುವ ಮೊದಲು ಅರ್ಜಿದಾರರ ಮಾತು ಕೇಳಬೇಕು. ನಿರಾಕರಿಸಿದರೆ ಮೇಲ್ಮನವಿಗೆ ಅವಕಾಶ ಇದೆ. ಪ್ರಮಾಣಪತ್ರವನ್ನು ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು. ಅವಧಿ ಮುಗಿಯುವುದಕ್ಕೆ ಕನಿಷ್ಠ 60 ದಿನ ಮುಂಚೆ ನವೀಕರಣಕ್ಕೆ ಅರ್ಜಿ ಹಾಕಬೇಕು. ಪೋಷಕರು ಮನೆ ನೋಡಲು ಹೋದಾಗ ಗೋಡೆಯ ಮೇಲಿನ ಪತ್ರದ ದಿನಾಂಕ ಓದಿ, ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಕೇಳಲು ಸಂಕೋಚ ಬೇಡ.

ಹಂತ 3: ತಪಾಸಣೆಗೆ ಹೊರಡುವ ಮುಂಚೆ

ತಂಡದಲ್ಲಿ ಒಬ್ಬ ಮಹಿಳೆ ಇರಲೇಬೇಕು. ಬೌದ್ಧಿಕ ವಿಕಲತೆ ಬಗ್ಗೆ ಅನುಭವ ಇರುವ ಒಬ್ಬರು, ಅವರು ತಾಯಿಯಾಗಿದ್ದರೂ ಸರಿ, ವಿಶೇಷ ಶಿಕ್ಷಕರಾದರೂ ಸರಿ, ಬೇಕು. ಸಾಧ್ಯವಾದರೆ ಬೌದ್ಧಿಕ ವಿಕಲತೆ ಇರುವ ಒಬ್ಬರನ್ನೇ ಕರೆದೊಯ್ಯಿರಿ. ಅಧಿಕಾರಿಗಳ ಮುಂದೆ ಬಾಯಿ ಬಿಡದ ನಿವಾಸಿಗಳು ತಮ್ಮಂಥವರ ಜೊತೆ ಸಲೀಸಾಗಿ ಮಾತಾಡುವುದನ್ನು ನಾನು ಕಂಡಿದ್ದೇನೆ.

ಭಾಷೆಯನ್ನೂ ನೆನಪಿಡಿ. ಪಾವಗಡದ ಕಡೆಯ ನಿವಾಸಿಗೆ ಮನೆಮಾತು ತೆಲುಗು ಇರಬಹುದು, ತುಮಕೂರು ಪಟ್ಟಣದವರಿಗೆ ಉರ್ದು ಇರಬಹುದು. ಕಷ್ಟ ಹೇಳಿಕೊಳ್ಳುವಾಗ ಯಾರಿಗೇ ಆದರೂ ಮನೆಮಾತೇ ಬರುವುದು. ಆ ಭಾಷೆ ಬಲ್ಲವರು ತಂಡದಲ್ಲಿ ಇಲ್ಲದಿದ್ದರೆ ಮನೆಯ ಸಿಬ್ಬಂದಿಯೇ ಅನುವಾದ ಮಾಡುತ್ತಾರೆ. ಆಮೇಲೆ ನಿಮಗೆ ಕೇಳಿಸುವುದು ಸಿಬ್ಬಂದಿಯ ಮಾತು.

ಮೊದಲ ಭೇಟಿಗೆ ತಿಳಿಸಿ ಹೋಗಿ, ಎರಡನೆಯದಕ್ಕೆ ಹೇಳದೆ ಹೋಗಿ. ಅದು ಸಂಜೆ ಏಳರ ಮೇಲಿದ್ದರೆ ಒಳ್ಳೆಯದು. ಬೆಳಿಗ್ಗೆ ಹನ್ನೊಂದಕ್ಕೆ ಹೋದರೆ ಎಲ್ಲ ಮನೆಗಳೂ ಚೆನ್ನಾಗಿಯೇ ಕಾಣುತ್ತವೆ. ಹೂಗುಚ್ಛ, ಶಾಲು, ನಿವಾಸಿಗಳಿಂದ ಹಾಡು ಇವೆಲ್ಲ ಬೇಡ ಅಂತ ಮೊದಲೇ ಹೇಳಿಬಿಡಿ. ಅತಿಥಿ ಬಂದಾಗಲೆಲ್ಲ ಎದ್ದು ನಿಂತು ಹಾಡಬೇಕಾದರೆ ಅವರಿಗೆ ಅದು ಮನೆ ಅನ್ನಿಸುತ್ತದಾ?

ಹಂತ 4: ಒಳಗೆ ನೋಡಬೇಕಾದ್ದು

ಬೀಗದಿಂದ ಶುರುಮಾಡಿ. ಯಾವ ಯಾವ ಬಾಗಿಲಿಗೆ ಬೀಗ ಇದೆ, ಕೀಲಿ ಯಾರ ಹತ್ತಿರ, ರಾತ್ರಿ ಎಲ್ಲಿಡುತ್ತಾರೆ? 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ಅಸ್ವಸ್ಥರನ್ನು ಇಟ್ಟಿದ್ದ ಖಾಸಗಿ ಆಶ್ರಯವೊಂದಕ್ಕೆ ಬೆಂಕಿ ಬಿತ್ತು. ಸರಪಳಿಯಲ್ಲಿ ಕಟ್ಟಿಹಾಕಿದ್ದ 28 ಜನ ಓಡಲಾಗದೆ ಸತ್ತರು. ಅದಾದ ಮೇಲೆ ದೇಶದಲ್ಲಿ ಇಂಥ ಜಾಗಗಳ ಮೇಲೆ ನಿಗಾ ಬಿಗಿಯಾಯಿತು. ಇವತ್ತು ಸರಪಳಿ ಕಾಣದಿರಬಹುದು. ಆದರೆ ಕಿಟಕಿಗೆಲ್ಲ ಗ್ರಿಲ್ ಹಾಕಿ, ಮುಂಬಾಗಿಲಿಗೆ ಹೊರಗಿನಿಂದ ಬೀಗ ಜಡಿದು, ಕೀಲಿಯನ್ನು ಮಾಲೀಕರು ತಮ್ಮ ಮನೆಗೆ ಒಯ್ದರೆ ಬೆಂಕಿ ಬಿದ್ದಾಗ ಆಗುವುದು ಅದೇ. ಎರಡನೇ ಬಾಗಿಲು ಬೇಕು. ಗ್ಯಾಸ್ ಸಿಲಿಂಡರ್ ಹೊರಹೋಗುವ ದಾರಿಯಲ್ಲಿ ಇರಬಾರದು. ನಡೆಯಲಾಗದವರು ನೆಲಮಹಡಿಯಲ್ಲೇ ಮಲಗಬೇಕು. "ರಾತ್ರಿ ಎರಡಕ್ಕೆ ಬೆಂಕಿ ಬಿದ್ದರೆ ಏನು ಮಾಡ್ತೀರಿ, ತೋರಿಸಿ" ಅಂತ ರಾತ್ರಿ ಪಾಳಿಯ ಆಯಾಗೆ ಕೇಳಿ. ಬಾಯಲ್ಲಿ ಹೇಳಿದರೆ ಸಾಲದು, ಕೀಲಿ ತೆಗೆದು ಬಾಗಿಲು ತೆರೆದೇ ತೋರಿಸಬೇಕು.

ಕಟ್ಟಿಹಾಕುವುದು, ಕೋಣೆಯಲ್ಲಿ ಕೂಡಿಹಾಕುವುದು ಇದೆಯಾ ಅಂತ ನೇರವಾಗಿ ಕೇಳಿದರೆ "ಇಲ್ಲ" ಅನ್ನುತ್ತಾರೆ. ಮಣಿಕಟ್ಟು, ಪಾದದ ಗೆಣ್ಣು ನೋಡಿ. ಮಂಚದ ಕಾಲಿನಲ್ಲಿ ದುಪಟ್ಟಾ, ಹಗ್ಗದ ಉಜ್ಜಿದ ಗುರುತು ಇದೆಯಾ ನೋಡಿ. ಹೊರಗಡೆ ಮಾತ್ರ ಚಿಲಕ ಇರುವ ಕೋಣೆ ಕಂಡರೆ, ಅದು ಯಾತಕ್ಕೆ ಅಂತ ಕೇಳಿ.

ಊಟ. ಅಡುಗೆಮನೆ ಚೊಕ್ಕಟವಾಗಿದೆಯಾ ಅನ್ನುವುದು ಎರಡನೇ ಪ್ರಶ್ನೆ. ಹೇಗೆ ತಿನ್ನಿಸುತ್ತಾರೆ ಅನ್ನುವುದು ಮೊದಲನೆಯದು. ನಮ್ಮ ಕಡೆ ಮುದ್ದೆಯನ್ನು ಅಗಿಯದೆ ನುಂಗುವುದೇ ರೂಢಿ. ಸೆರೆಬ್ರಲ್ ಪಾಲ್ಸಿ ಇರುವವರಿಗೆ, ನುಂಗುವ ತೊಂದರೆ ಇರುವವರಿಗೆ ಅದು ಗಂಟಲಲ್ಲಿ ಸಿಕ್ಕಿ ಪ್ರಾಣಕ್ಕೇ ಬರಬಹುದು. ಅಂಥವರಿಗೆ ರಾಗಿ ಅಂಬಲಿ, ಮೆತ್ತಗೆ ಮಸೆದ ಅನ್ನ ಕೊಡುತ್ತಾರಾ? ಮಲಗಿಸಿಕೊಂಡು ತಿನ್ನಿಸುತ್ತಾರಾ, ನೆಟ್ಟಗೆ ಕೂರಿಸಿಯಾ? ಊಟ ಆದ ಮೇಲೆ ಅರ್ಧ ಗಂಟೆ ಕೂರಿಸಿರಬೇಕು. ಯಾರಿಗೆ ಏನು, ಹೇಗೆ ಅಂತ ಬರೆದ ಒಂದು ಹಾಳೆ ಅಡುಗೆಮನೆ ಗೋಡೆಯ ಮೇಲಿದ್ದರೆ ಆ ಮನೆಯಲ್ಲಿ ಯೋಚಿಸುವವರಿದ್ದಾರೆ ಅಂತ ಅರ್ಥ. ಕೆಮ್ಮುತ್ತಾ ತಿನ್ನುವುದು, ಪದೇ ಪದೇ ಎದೆಯ ಸೋಂಕು ಬರುವುದು ನುಂಗುವ ತೊಂದರೆಯ ಲಕ್ಷಣ.

ಪ್ರತಿ ತಿಂಗಳು ಪ್ರತಿಯೊಬ್ಬರ ತೂಕ ಬರೆಯಲೇಬೇಕು. ಹೊಟ್ಟೆ ತುಂಬಾ ಸಿಗುತ್ತಿದೆಯಾ, ಕಾಯಿಲೆ ಒಳಗೊಳಗೇ ಬೆಳೆಯುತ್ತಿದೆಯಾ ಅಂತ ಮಾತು ಬಾರದವರ ಪರವಾಗಿ ಆ ಪುಸ್ತಕವೇ ಹೇಳುತ್ತದೆ. ಇದಕ್ಕೆ ಬೇಕಾದ್ದು ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್ ಅಷ್ಟೇ.

ನೀರು ಎಲ್ಲಿಂದ ಬರುತ್ತದೆ ಅಂತಲೂ ಕೇಳಿ. ಪಾವಗಡ, ಶಿರಾ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವುದು ಎಲ್ಲರಿಗೂ ಗೊತ್ತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬಾರದು. ಶುದ್ಧ ಕುಡಿಯುವ ನೀರಿನ ಘಟಕದಿಂದ ಕ್ಯಾನ್ ತರುತ್ತಿದ್ದರೆ ಅಡುಗೆಗೂ ಅದೇ ಬಳಸಬೇಕು.

ಮಾತ್ರೆ. ತಪಾಸಣೆಯಲ್ಲಿ ನನ್ನ ಪ್ರಕಾರ ಅತಿ ಮುಖ್ಯವಾದ ಜಾಗ ಇದು, ಅತಿ ಕಡಿಮೆ ನೋಡುವ ಜಾಗವೂ ಇದೇ. ಬೌದ್ಧಿಕ ವಿಕಲತೆ ಇರುವವರಲ್ಲಿ ಫಿಟ್ಸ್ ಸಾಮಾನ್ಯ. ಫಿಟ್ಸ್ ಮಾತ್ರೆಯನ್ನು ಒಂದೆರಡು ಹೊತ್ತು ತಪ್ಪಿಸಿದರೂ ಅಪಾಯ, ಏಕಾಏಕಿ ನಿಲ್ಲಿಸಿದರಂತೂ ಪ್ರಾಣಾಪಾಯ. ಹೀಗೆ ಪರೀಕ್ಷಿಸಿ: ಒಬ್ಬ ನಿವಾಸಿಯ ವೈದ್ಯರ ಚೀಟಿ ತಗೊಳ್ಳಿ. ಮಾತ್ರೆ ಕೊಟ್ಟಿದ್ದಕ್ಕೆ ಸಹಿ ಮಾಡುವ ಪುಸ್ತಕ ತಗೊಳ್ಳಿ. ಡಬ್ಬದಲ್ಲಿ ಉಳಿದ ಮಾತ್ರೆ ಎಣಿಸಿ. ಮೂರೂ ತಾಳೆಯಾಗಬೇಕು. ಇಡೀ ತಿಂಗಳಿನ ಸಹಿಯೂ ಒಂದೇ ಪೆನ್ನಲ್ಲಿ, ಒಂದೇ ಕೈಯಲ್ಲಿ ಇದ್ದರೆ ಅದನ್ನು ನೀವು ಬರುವ ಹಿಂದಿನ ರಾತ್ರಿ ಬರೆದಿರುವ ಸಾಧ್ಯತೆಯೇ ಜಾಸ್ತಿ.

ಇನ್ನೊಂದು ಬಗೆಯ ಮಾತ್ರೆ ಇದೆ. ಗಲಾಟೆ ಮಾಡುತ್ತಾರೆ ಅಂತ ರಿಸ್ಪೆರಿಡೋನ್, ಹ್ಯಾಲೊಪೆರಿಡಾಲ್‌ನಂಥವನ್ನು ಕೊಡುವುದು. ಕೆಲವರಿಗೆ ಇವು ನಿಜವಾಗಿಯೂ ಬೇಕು. ಆದರೆ ಆಯಾಗಳು ಕಡಿಮೆ ಇದ್ದಾರೆ ಅಂತ ಎಲ್ಲರನ್ನೂ ಮಂಪರಿನಲ್ಲಿ ಇಡುವುದು ಹಗ್ಗವಿಲ್ಲದೆ ಕಟ್ಟಿಹಾಕಿದಂತೆ. ಹಗಲು ಹೊತ್ತಿನಲ್ಲಿ ಮನೆಯವರೆಲ್ಲ ತೂಕಡಿಸುತ್ತಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಕೈಕಾಲು ಬಿಗಿಯಾಗಿ ಹೆಜ್ಜೆ ಎಳೆಯುತ್ತಿದ್ದರೆ ಎಚ್ಚರ. ಪ್ರತಿ ಮಾತ್ರೆಗೂ ಯಾರು ಬರೆದರು, ಯಾತಕ್ಕೆ, ಮತ್ತೆ ಯಾವಾಗ ತೋರಿಸಬೇಕು ಅನ್ನುವುದಕ್ಕೆ ಉತ್ತರ ಇರಬೇಕು. ಎರಡು ವರ್ಷ ಹಳೆಯ ಚೀಟಿಯಲ್ಲಿ ಮೆಡಿಕಲ್ ಸ್ಟೋರಿನಿಂದ ತಂದು ನುಂಗಿಸುವುದನ್ನು ಒಪ್ಪಲೇಬೇಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿದ್ದಾರೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ ಕ್ಲಿನಿಕ್ ಇದೆ. ಕಷ್ಟದ ಪ್ರಕರಣಕ್ಕೆ ಬೆಂಗಳೂರಿನ ನಿಮ್ಹಾನ್ಸ್ ಏನೂ ದೂರ ಅಲ್ಲ.

ಸುಮ್ಮನಿದ್ದವನು ಇದ್ದಕ್ಕಿದ್ದಂತೆ ಹೊಡೆಯಲು, ಕಚ್ಚಲು ಶುರುಮಾಡಿದರೆ ಮೊದಲು ನೋವು ಹುಡುಕಬೇಕು. ಹಲ್ಲುನೋವು, ಕಿವಿನೋವು, ಮಲಬದ್ಧತೆ, ಮುಟ್ಟಿನ ನೋವು. ಹೇಳಲು ಬಾರದವರಿಗೆ ನೋವು ಹೊರಬರುವ ದಾರಿ ಅದೊಂದೇ. ಮಲಬದ್ಧತೆಯನ್ನು ಸಣ್ಣದು ಅಂದುಕೊಳ್ಳಬೇಡಿ, ಗಮನಿಸದೆ ಬಿಟ್ಟರೆ ಕರುಳು ಕಟ್ಟಿಕೊಂಡು ಜೀವವೇ ಹೋಗಬಹುದು. ಡೌನ್ ಸಿಂಡ್ರೋಮ್ ಇರುವವರಿಗೆ ವರ್ಷಕ್ಕೊಮ್ಮೆ ಥೈರಾಯ್ಡ್ ಪರೀಕ್ಷೆ ಆಗಿದೆಯಾ ನೋಡಿ. ಫಿಟ್ಸ್ ಬಂದರೆ ಏನು ಮಾಡಬೇಕು ಅಂತ ಆಯಾಗಳನ್ನು ಕೇಳಿ. ಪಕ್ಕಕ್ಕೆ ಹೊರಳಿಸಬೇಕು, ಬಾಯಿಗೆ ಏನೂ ಹಾಕಬಾರದು, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಕೈಗೆ ಕಬ್ಬಿಣ ಕೊಡುತ್ತೇವೆ ಅಂದರೆ ಅವರನ್ನು ಬೈಯಬೇಡಿ, ಅವರಿಗೆ ಯಾರೂ ಕಲಿಸಿಲ್ಲ. ತರಬೇತಿ ಕೊಡಿಸಿ ಅಂತ ವರದಿಯಲ್ಲಿ ಬರೆಯಿರಿ.

ಸ್ನಾನ, ಬಟ್ಟೆ, ಮರ್ಯಾದೆ. ಬಚ್ಚಲಿಗೆ ಬಾಗಿಲು ಇದೆಯಾ? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಪೈಪಿನಲ್ಲಿ ನೀರು ಹಾಯಿಸುತ್ತಾರಾ? ಪ್ರತಿಯೊಬ್ಬರಿಗೂ ತಮ್ಮದೇ ಬಟ್ಟೆ, ಟವೆಲ್, ಬ್ರಷ್ ಇದೆಯಾ, ಇಲ್ಲ ಒಂದೇ ರಾಶಿಯಿಂದ ಸಿಕ್ಕಿದ್ದನ್ನು ತೊಡಿಸುತ್ತಾರಾ? ಆರೈಕೆ ಸುಲಭ ಅಂತ ಎಲ್ಲ ಹೆಂಗಸರ ತಲೆಗೂದಲನ್ನೂ ಬೋಳಿಸಿದ್ದರೆ, ಅದು ಯಾರ ಸುಲಭಕ್ಕೆ? ಬಿಸಿನೀರಿಗೆ ಮೊದಲು ಆಯಾ ತನ್ನ ಕೈ ಹಾಕಿ ನೋಡುತ್ತಾರಾ? ಹಾಲ್‌ನಲ್ಲಿ ಸಿಸಿಟಿವಿ ಇರಲಿ, ಬಚ್ಚಲು ಮತ್ತು ಬಟ್ಟೆ ಬದಲಿಸುವ ಜಾಗದಲ್ಲಿ ಬೇಡವೇ ಬೇಡ.

ಹೆಣ್ಣುಮಕ್ಕಳು. 1994ರಲ್ಲಿ ಪುಣೆಯಲ್ಲಿ, ಸರ್ಕಾರಿ ವಸತಿಗೃಹದಲ್ಲಿದ್ದ ಬೌದ್ಧಿಕ ವಿಕಲತೆಯ ಹುಡುಗಿಯರಿಗೆ ಮುಟ್ಟಿನ ನಿರ್ವಹಣೆ ಕಷ್ಟ ಅಂತ ಗರ್ಭಕೋಶ ತೆಗೆಸಿದರು. ದೇಶವೆಲ್ಲ ಅದರ ವಿರುದ್ಧ ಮಾತಾಡಿತು. ಈಗ 2016ರ ಕಾಯ್ದೆಯ 10ನೇ ಕಲಂ ಸ್ಪಷ್ಟವಾಗಿದೆ. ವ್ಯಕ್ತಿಯ ಸ್ವಂತ, ತಿಳಿದು ಕೊಟ್ಟ ಒಪ್ಪಿಗೆ ಇಲ್ಲದೆ ಬಂಜೆತನ ತರುವ ಯಾವ ಚಿಕಿತ್ಸೆಯನ್ನೂ ಮಾಡುವಂತಿಲ್ಲ. ಚಂಡೀಗಢದ ಸರ್ಕಾರಿ ಗೃಹದಲ್ಲಿದ್ದಾಗ ಅತ್ಯಾಚಾರಕ್ಕೊಳಗಾಗಿ ಗರ್ಭಿಣಿಯಾದ ಬೌದ್ಧಿಕ ವಿಕಲತೆಯ ಯುವತಿಯ ಪ್ರಕರಣದಲ್ಲಿ, ಅವಳ ಒಪ್ಪಿಗೆ ಇಲ್ಲದೆ ಗರ್ಭಪಾತ ಮಾಡಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2009ರಲ್ಲಿ ಹೇಳಿತು. "ಆಪರೇಷನ್ ಮಾಡಿಸಿಕೊಂಡು ಬಂದರೆ ಮಾತ್ರ ಸೇರಿಸ್ಕೋತೀವಿ" ಅನ್ನುವ ಮನೆ ಕಾಯ್ದೆ ಮುರಿಯುತ್ತಿದೆ. ಪೋಷಕರೇ, ಅಂಥ ಮಾತು ಕೇಳಿದರೆ ಅಲ್ಲಿಂದ ಎದ್ದು ಬನ್ನಿ. ತಪಾಸಣೆಯವರು ಮುಟ್ಟಿನ ಪ್ಯಾಡ್ ಎಲ್ಲಿ ಇಡುತ್ತಾರೆ, ಯಾರು ಸಹಾಯ ಮಾಡುತ್ತಾರೆ, ರಾತ್ರಿ ಹೆಂಗಸರ ಕಡೆ ಯಾರು ಮಲಗುತ್ತಾರೆ ಅಂತ ಕೇಳಲೇಬೇಕು.

ಹಣ. ಪಿಂಚಣಿ ಬರುವುದು ನಿವಾಸಿಯ ಖಾತೆಗೆ. ಪಾಸ್‌ಬುಕ್ ಯಾರ ಹತ್ತಿರ, ಎಟಿಎಂ ಕಾರ್ಡ್ ಯಾರ ಜೇಬಿನಲ್ಲಿ? ಒಬ್ಬೊಬ್ಬರ ಹೆಸರಿನಲ್ಲಿ ಬೇರೆ ಲೆಕ್ಕ ಇರಬೇಕು. ಹೆಬ್ಬೆಟ್ಟು ಒತ್ತಿಸಿಕೊಂಡರೆ ಮನೆಗೆ ಸೇರದ ಒಬ್ಬರು ಸಾಕ್ಷಿ ಇರಬೇಕು. 18 ದಾಟಿದವರಿಗೆ ಪಾಲಕರು ಬೇಕಾದರೆ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿಯ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು, ಅದರಲ್ಲಿ ಜಿಲ್ಲಾಧಿಕಾರಿ ಇರುತ್ತಾರೆ. ನೇಮಕವಾದ ಪಾಲಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ ಮೂರು ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಮನೆ ನಡೆಸುವ ಸಂಸ್ಥೆಯೇ ಪಾಲಕರೂ ಆಗಿದ್ದರೆ ಆ ಲೆಕ್ಕವನ್ನು ಎರಡು ಸಲ ಓದಿ. ಆರೈಕೆಯ ಬಿಲ್ ಮಾಡುವವರೂ ಅವರೇ, ನಿವಾಸಿಯ ದುಡ್ಡಿನಿಂದ ಅದನ್ನು ತೀರಿಸುವವರೂ ಅವರೇ ಆದರೆ ಕೇಳುವವರು ಯಾರು?

ಪೋಷಕರಿಗೊಂದು ಮಾತು. "ಇಷ್ಟು ಲಕ್ಷ ಡೆಪಾಸಿಟ್ ಕೊಡಿ, ಕೊನೆಯವರೆಗೂ ನೋಡ್ಕೋತೀವಿ" ಅಂದಾಗ, ಮನೆ ಮುಚ್ಚಿದರೆ ಹಣದ ಕತೆ ಏನು ಅಂತ ಕರಾರಿನಲ್ಲಿ ಬರೆಸಿಕೊಳ್ಳಿ. ಸೈಟು, ಜಮೀನನ್ನು ನಡೆಸುವವರ ಹೆಸರಿಗೆ ಬರೆದುಕೊಡಬೇಡಿ.

ಮಾತುಕತೆ. ಪ್ರತಿ ನಿವಾಸಿಯ ಜೊತೆ ಸಿಬ್ಬಂದಿ ಇಲ್ಲದೆ ಸ್ವಲ್ಪ ಹೊತ್ತು ಕೂರಬೇಕು. ಕೇಳುವ ರೀತಿ ಮುಖ್ಯ. "ಊಟ ಚೆನ್ನಾಗಿದೆಯಾ?" ಅಂದರೆ ಎಲ್ಲರೂ "ಹೂಂ" ಅಂತಾರೆ. ಎದುರಿಗಿರುವವರನ್ನು ಮೆಚ್ಚಿಸಲು ಹೂಂ ಅನ್ನುವುದು ಬೌದ್ಧಿಕ ವಿಕಲತೆ ಇರುವವರಲ್ಲಿ ತುಂಬಾ ಸಾಮಾನ್ಯ. ಹಾಗಾಗಿ "ನಿನ್ನೆ ರಾತ್ರಿ ಏನು ತಿಂದ್ರಿ?" ಅಂತ ಕೇಳಿ. "ನಿಮ್ಮ ಮಂಚ ತೋರಿಸಿ", "ಯಾರು ಬಂದರೆ ಖುಷಿ? ಯಾರು ಬಂದರೆ ಭಯ?" ಅಂತ ಕೇಳಿ. ಅದೇ ವಿಷಯವನ್ನು ಸ್ವಲ್ಪ ಹೊತ್ತು ಬಿಟ್ಟು ತಿರುಗಿಸಿ ಕೇಳಿ. ಮಾತು ಬಾರದವರಿಗೆ ಸಿಬ್ಬಂದಿಯ ಫೋಟೋ ತೋರಿಸಿ, ಮುಖ ನೋಡಿ. ಏನೂ ಸಾಧ್ಯವಾಗದಿದ್ದರೆ ಸುಮ್ನೆ ಪಕ್ಕದಲ್ಲಿ ಕೂತಿರಿ. ಒಬ್ಬ ಆಯಾ ಒಳಗೆ ಬಂದ ಕೂಡಲೇ ಮೈ ಮುದುಡಿಕೊಂಡರೆ ಅದನ್ನೂ ಬರೆದುಕೊಳ್ಳಿ. "ಇಲ್ಲಿರೋದು ನಿಮಗೆ ಇಷ್ಟಾನಾ, ಬೇರೆಲ್ಲಾದರೂ ಇರಬೇಕಾ" ಅನ್ನುವುದನ್ನು ತಪ್ಪದೆ ಕೇಳಿ. ಇಂಥ ಕಡೆಯೇ ಇರಬೇಕು ಅಂತ ವಿಕಲಚೇತನರನ್ನು ಕಟ್ಟುಪಾಡಿಗೆ ಒಳಪಡಿಸುವಂತಿಲ್ಲ ಅಂತ 2016ರ ಕಾಯ್ದೆಯ 5ನೇ ಕಲಂ ಹೇಳುತ್ತದೆ.

ಆಯಾಗಳ ಜೊತೆಗೂ ಬೇರೆಯಾಗಿ ಮಾತಾಡಿ. ಸಂಬಳ ಎಷ್ಟು, ರಜೆ ಇದೆಯಾ, ಎಷ್ಟು ರಾತ್ರಿ ನಿದ್ದೆಗೆಟ್ಟಿದ್ದಾರೆ? ಸುಸ್ತಾದ ಕೈ ಒರಟಾಗುತ್ತದೆ. ಅವರನ್ನು ಸರಿಯಾಗಿ ನೋಡಿಕೊಳ್ಳದ ಮನೆಯಲ್ಲಿ ನಿವಾಸಿಗಳ ಆರೈಕೆ ಸರಿಯಾಗಿರುವುದು ಅಪರೂಪ.

ಹಂತ 5: ವರದಿ

"ಸ್ವಚ್ಛತೆ ತೃಪ್ತಿಕರ, ಊಟ ತೃಪ್ತಿಕರ" ಅಂತ ಬರೆದ ವರದಿ ಯಾರ ಕೆಲಸಕ್ಕೂ ಬರುವುದಿಲ್ಲ. ಕಂಡದ್ದನ್ನು ಕಂಡಂತೆ ಬರೆಯಿರಿ: "ಮೊದಲ ಮಹಡಿಯ ಹಿಂಬಾಗಿಲಿಗೆ ಬೀಗ, ಕೀಲಿ ಕೇಳಿದಾಗ ಸಿಗಲು ಇಪ್ಪತ್ತು ನಿಮಿಷ."

ಕೊರತೆಗಳನ್ನು ಮೂರಾಗಿ ವಿಂಗಡಿಸಿ. ಇವತ್ತೇ ಆಗಬೇಕಾದವು: ಬೀಗ, ಕಟ್ಟಿಹಾಕುವುದು, ಫಿಟ್ಸ್ ಮಾತ್ರೆ ಇಲ್ಲದಿರುವುದು, ಲೈಂಗಿಕ ದೌರ್ಜನ್ಯದ ಅನುಮಾನ. ಒಂದು ತಿಂಗಳಲ್ಲಿ ಆಗಬೇಕಾದವು: ತೂಕದ ಪುಸ್ತಕ, ತರಬೇತಿ, ಬಚ್ಚಲಿಗೆ ಬಾಗಿಲು, ಹಣದ ಲೆಕ್ಕ. ಉಳಿದವು ನವೀಕರಣದ ಹೊತ್ತಿಗೆ. ಹೀಗೆ ಮಾಡದಿದ್ದರೆ ಗೋಡೆಗೆ ಬಣ್ಣ ಇಲ್ಲದ್ದೂ ಮಾತ್ರೆ ಇಲ್ಲದ್ದೂ ಒಂದೇ ಪಟ್ಟಿಯಲ್ಲಿ ಕೂರುತ್ತವೆ. ಪ್ರೀತಿಯಿಂದ ನೋಡಿಕೊಳ್ಳುವ, ಆದರೆ ದುಡ್ಡಿಲ್ಲದ ಮನೆಯನ್ನು ಫೈಲಿನ ಕೊರತೆಗೆ ಮುಚ್ಚಿಸಬೇಡಿ. ನೋಂದಾಯಿತ ಸಂಸ್ಥೆಗೆ ಸರ್ಕಾರ ನೆರವು ಕೊಡಬಹುದು ಅಂತ 2016ರ ಕಾಯ್ದೆಯ 55ನೇ ಕಲಂ ಹೇಳುತ್ತದೆ. ಆ ದಾರಿ ತೋರಿಸುವುದೂ ತಪಾಸಣೆಯವರ ಕೆಲಸ.

ಹಂತ 6: ಎರಡು ಭೇಟಿಗಳ ನಡುವೆ

ಜಿಲ್ಲಾ ಕೇಂದ್ರದಿಂದ ಪಾವಗಡಕ್ಕೆ ಸುಮಾರು 100 ಕಿಲೋಮೀಟರ್. ಅಧಿಕಾರಿಗಳು ಪ್ರತಿ ತಿಂಗಳು ಹೋಗಲಾರರು. ಆದರೆ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ತಾಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರೂ ವಿಕಲಚೇತನರೇ ಆಗಿರುತ್ತಾರೆ, ಊರು ಬಲ್ಲವರು. ತಿಂಗಳಿಗೊಮ್ಮೆ ಅವರು ಹೋಗಿ ಒಂದು ಲೋಟ ಚಹಾ ಕುಡಿದು ಬಂದರೂ ಸಾಕು, ಗೇಟು ತೆರೆಯುವ ಅಭ್ಯಾಸ ಆಗುತ್ತದೆ.

ಪೋಷಕರು ಯಾವಾಗ ಬೇಕಾದರೂ ಬರಬಹುದು ಅನ್ನುವುದು ಕರಾರಿನಲ್ಲೇ ಇರಲಿ. "ತಿಂಗಳ ಎರಡನೇ ಭಾನುವಾರ ಮಾತ್ರ" ಅನ್ನುವ ಮನೆ ಬೇಡ. ನಿವಾಸಿಗಳೂ ಹೊರಗೆ ಬರಬೇಕು: ಸಂತೆಗೆ, ದೇವಸ್ಥಾನಕ್ಕೆ, ಕಟಿಂಗ್ ಅಂಗಡಿಗೆ, ಸಿದ್ಧಗಂಗೆಯ ಜಾತ್ರೆಗೆ. ಊರಿನಲ್ಲಿ ನಾಲ್ಕು ಜನ ಹೆಸರು ಹಿಡಿದು ಗುರುತಿಸುವವರಿದ್ದರೆ, ಒಬ್ಬರು ಎರಡು ವಾರ ಕಾಣದಿದ್ದಾಗ "ಎಲ್ಲಿ ಅವನು?" ಅಂತ ಕೇಳುವವರಿರುತ್ತಾರೆ.

ಮನೆಯಲ್ಲಿ ಬಿದ್ದದ್ದು, ಸುಟ್ಟದ್ದು, ಕಾಣೆಯಾದದ್ದು, ಆಸ್ಪತ್ರೆಗೆ ಸೇರಿಸಿದ್ದು ಎಲ್ಲ ಒಂದು ಘಟನೆ ಪುಸ್ತಕದಲ್ಲಿ ದಿನಾಂಕದ ಜೊತೆ ಇರಬೇಕು. ಸಾವು ಆದರೆ ಅದೇ ದಿನ ಕುಟುಂಬಕ್ಕೂ ಅಧಿಕಾರಿಗೂ ತಿಳಿಸಬೇಕು. ಪುಸ್ತಕ ಪೂರ್ತಿ ಖಾಲಿ ಇದ್ದರೆ ಮೆಚ್ಚಿಕೊಳ್ಳಬೇಡಿ. ಹತ್ತು ಜನ ಇರುವ ಮನೆಯಲ್ಲಿ ವರ್ಷವಿಡೀ ಒಬ್ಬರೂ ಜಾರಿ ಬೀಳಲಿಲ್ಲ ಅಂದರೆ ಯಾರೂ ಬರೆಯುತ್ತಿಲ್ಲ ಅಂತಲೇ ಅರ್ಥ.

ಹಂತ 7: ದೂರು

ಹಿಂಸೆ, ಶೋಷಣೆ ನಡೆಯುತ್ತಿದೆ ಅನ್ನಿಸಿದರೆ 2016ರ ಕಾಯ್ದೆಯ 7ನೇ ಕಲಂ ಅಡಿ ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಬಹುದು. ನಮ್ಮಲ್ಲಿ ತಹಸೀಲ್ದಾರರು, ಉಪವಿಭಾಗಾಧಿಕಾರಿಗಳಿಗೆ ಆ ಅಧಿಕಾರ ಇದೆ. ಮಧುಗಿರಿ, ಕೊರಟಗೆರೆ, ಶಿರಾ, ಪಾವಗಡದವರು ಮಧುಗಿರಿಯ ಉಪವಿಭಾಗಾಧಿಕಾರಿ ಕಚೇರಿಗೆ ಹೋಗಬಹುದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯವರು ತಿಪಟೂರಿಗೆ, ತುಮಕೂರು, ಗುಬ್ಬಿ, ಕುಣಿಗಲ್‌ನವರು ತುಮಕೂರಿಗೆ. ಬಿಡಿಸಿ ಕರೆತರಲು, ರಕ್ಷಣೆ ಕೊಡಲು ಅವರು ಆದೇಶ ಮಾಡಬಹುದು.

ಹೊಡೆದರೆ, ತನ್ನ ಸುಪರ್ದಿಯಲ್ಲಿರುವವರಿಗೆ ಬೇಕಂತಲೇ ಅನ್ನ ನೀರು ಕೊಡದಿದ್ದರೆ, ಲೈಂಗಿಕವಾಗಿ ಬಳಸಿಕೊಂಡರೆ ಅದೇ ಕಾಯ್ದೆಯ 92ನೇ ಕಲಂ ಅಡಿ ಆರು ತಿಂಗಳಿಂದ ಐದು ವರ್ಷದವರೆಗೆ ಜೈಲು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದದ್ದು ಮಗುವಾಗಿದ್ದರೆ, ಮಕ್ಕಳನ್ನು ಅಂಥ ಅಪರಾಧದಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯೂ ಅನ್ವಯಿಸುತ್ತದೆ. ಗೊತ್ತಿದ್ದೂ ತಿಳಿಸದ ಸಂಸ್ಥೆಯ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲಾಗಬಹುದು. "ನಾವೇ ಒಳಗೊಳಗೆ ಸರಿಮಾಡ್ಕೋತೀವಿ" ಅನ್ನಲು ಯಾರಿಗೂ ಅಧಿಕಾರ ಇಲ್ಲ. ಲೈಂಗಿಕ ಅಪರಾಧದ ದೂರು ಕೊಡುವಾಗ ಪೊಲೀಸರು ವಿಕಲಚೇತನರ ಮನೆಗೆ ಅಥವಾ ಅವರು ಹೇಳಿದ ಜಾಗಕ್ಕೆ ಬಂದು, ವಿಶೇಷ ಶಿಕ್ಷಕರನ್ನು ಜೊತೆಗಿಟ್ಟುಕೊಂಡು ಬರೆದುಕೊಳ್ಳಬೇಕು, ವಿಡಿಯೋ ಮಾಡಬೇಕು. ಇದನ್ನು ನೀವೇ ಕೇಳಿ ಮಾಡಿಸಿಕೊಳ್ಳಿ. ತುರ್ತಿಗೆ 112, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಜಿಲ್ಲೆಯಲ್ಲಿ ಕೆಲಸ ಆಗದಿದ್ದರೆ ಬೆಂಗಳೂರಿನಲ್ಲಿರುವ ವಿಕಲಚೇತನರ ರಾಜ್ಯ ಆಯುಕ್ತರಿಗೆ ಬರೆಯಿರಿ.

2016ರ ಕಾಯ್ದೆಯ ಬೇರೆ ಉಲ್ಲಂಘನೆಗಳಿಗೆ ಮೊದಲ ಸಲ 10,000 ರೂಪಾಯಿವರೆಗೆ, ಮತ್ತೆ ಮಾಡಿದರೆ 50,000ದಿಂದ 5 ಲಕ್ಷದವರೆಗೆ ದಂಡ ಇದೆ.

ಹಂತ 8: ಮುಚ್ಚಲೇಬೇಕಾದಾಗ

ಸುಳ್ಳು ಹೇಳಿ ನೋಂದಣಿ ಪಡೆದಿದ್ದರೆ, ಷರತ್ತು ಮುರಿದಿದ್ದರೆ, ವಿಚಾರಣೆ ಮಾಡಿ ಪ್ರಮಾಣಪತ್ರ ರದ್ದು ಮಾಡಬಹುದು. ರದ್ದಾದಾಗ ನಿವಾಸಿಗಳನ್ನು ಕುಟುಂಬಕ್ಕೋ ಕಾನೂನುಬದ್ಧ ಪಾಲಕರಿಗೋ ಒಪ್ಪಿಸಬಹುದು, ಇಲ್ಲ ಬೇರೆ ಸಂಸ್ಥೆಗೆ ಕಳಿಸಲು ಆದೇಶಿಸಬಹುದು.

ಇಲ್ಲಿ ಆತುರ ಬೇಡ. ವರ್ಷಗಟ್ಟಲೆ ಒಂದೇ ಮಂಚದಲ್ಲಿ ಮಲಗಿದವರನ್ನು ರಾತ್ರೋರಾತ್ರಿ ವ್ಯಾನಿಗೆ ಹತ್ತಿಸಿದರೆ ಊಟ ಬಿಡುತ್ತಾರೆ, ಫಿಟ್ಸ್ ಹೆಚ್ಚಾಗುತ್ತದೆ. ಪ್ರಾಣಾಪಾಯ ಇಲ್ಲದಿದ್ದರೆ ಹೊಸ ಜಾಗವನ್ನು ಮೊದಲು ಹೋಗಿ ತೋರಿಸಿ. ಗೆಳೆಯರಾಗಿರುವವರನ್ನು ಬೇರೆ ಮಾಡಬೇಡಿ. ಪ್ರತಿಯೊಬ್ಬರ ಜೊತೆ ಒಂದು ಫೈಲ್ ಹೋಗಬೇಕು: ಯುಡಿಐಡಿ ಕಾರ್ಡ್ (ವಿಕಲಚೇತನರ ಗುರುತಿನ ಚೀಟಿ), ಆಧಾರ್, ಪಾಸ್‌ಬುಕ್, ವೈದ್ಯರ ಚೀಟಿ, ಹದಿನೈದು ದಿನದ ಮಾತ್ರೆ, ಮನೆಯವರ ಫೋನ್ ನಂಬರ್. ಜೊತೆಗೆ ಅವರನ್ನು ಚೆನ್ನಾಗಿ ಬಲ್ಲ ಆಯಾ ಹೇಳಿ ಬರೆಸಿದ ಒಂದು ಪುಟ: ಏನು ತಿಂತಾರೆ, ಯಾವುದಕ್ಕೆ ಹೆದರ್ತಾರೆ, ನೀರು ಬೇಕಾದಾಗ ಹೇಗೆ ಸನ್ನೆ ಮಾಡ್ತಾರೆ, ರಾತ್ರಿ ದೀಪ ಬೇಕಾ ಬೇಡವಾ. ಸ್ಥಳಾಂತರ ಆದ ಒಂದು ವಾರದೊಳಗೆ ಒಮ್ಮೆ, ತಿಂಗಳು ತುಂಬುವಾಗ ಮತ್ತೊಮ್ಮೆ ತಂಡದವರು ಹೊಸ ಜಾಗಕ್ಕೆ ಹೋಗಿ ಅವರ ತೂಕ ಹಾಕಿಸಿ, ಹಳೆಯ ಪುಸ್ತಕದ ತೂಕದ ಜೊತೆ ಹೋಲಿಸಿ ಸಹಿ ಮಾಡಬೇಕು.